ಮರಿಗೆ ಬುದ್ಧಿ ಕಲಿಸೋ ಕೆಲಸ ಹಳೇ ನಾಯಿಗೇ ಬಿಡಿ

ಬೀಜ, ಗೊಬ್ಬರ, ಮಳೆ ವಿಚಾರ ಬರೆಯೋ ಪತ್ರಿಕೆಯಲ್ಲಿ ಇವನೇನು ನಾಯಿ ಪುರಾಣ ತೆಗೆದ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮಂಥ ಮಳೆಯಾಶ್ರಯದ ರೈತರಿಗೆ ನಾಯಿ ಬರೀ ಬಾಗಿಲು ಕಾಯೋ ಪ್ರಾಣಿ ಅಲ್ಲ. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಮೊದಲು ಹೇಳೋದು ಅದು. ಕಣದಲ್ಲಿ ರಾಶಿ ಬಿದ್ದಿರುವಾಗ ನಾವು ಒಂದು ಗಳಿಗೆ ಕಣ್ಣು ಮುಚ್ಚೋದು ಅದರ ಧೈರ್ಯದ ಮೇಲೆ. ಹಟ್ಟೀಲಿ ನಾಲ್ಕು ಕುರಿ, ಒಂದು ಕರು, ಹತ್ತು ಕೋಳಿ ಇದ್ದರೆ ಅವೆಲ್ಲಾ ಉಳಿಯೋದೂ ಹಾಳಾಗೋದೂ ನಾಯಿ ಎಂಥದ್ದು ಅನ್ನೋದರ ಮೇಲೆ ನಿಂತಿರುತ್ತೆ. ಇಷ್ಟು ಕೆಲಸ ಮಾಡಿಸಿಕೊಳ್ಳೋ ನಾವು ಆ ನಾಯಿ ಬುದ್ಧಿ ಕಲಿಯೋದು ಹೇಗೆ, ಯಾರಿಂದ ಅಂತ ಒಂದು ದಿನವೂ ಯೋಚನೆ ಮಾಡಿಲ್ಲ. ನಾನೂ ಮಾಡಿರಲಿಲ್ಲ. ಅದಕ್ಕೆ ದಂಡ ತೆತ್ತೆ. ಆ ದಂಡದ ಕತೆಯಿಂದಲೇ ಶುರು ಮಾಡ್ತೀನಿ.

ನಾನು ಮಾಡಿದ ತಪ್ಪು

2018ರಲ್ಲಿ ನಮ್ಮ ಮನೆಯ ಹಳೇ ನಾಯಿ ಸತ್ತುಹೋಯ್ತು. ಮನೆ ಬಣಗುಟ್ಟಿತು. ಪೇಟೆಯಲ್ಲಿರೋ ನೆಂಟರ ಮನೇಲಿ ನಾಯಿ ಮರಿ ಹಾಕಿದೆ ಅಂತ ಗೊತ್ತಾಗಿ ಹೋದೆ. ಮರಿಗೆ ಆಗ ಬರೀ ನಾಲ್ಕು ವಾರ. ತಾಯಿ ಹೊರಗೆ ಹೋದ ಹೊತ್ತು ನೋಡಿ ಒಂದು ಗಂಡು ಮರೀನ ಕೈಚೀಲಕ್ಕೆ ಹಾಕ್ಕೊಂಡು ಬಸ್ ಹತ್ತಿದೆ. ನಮ್ಮ ಕಡೆ ಒಂದು ಮಾತಿದೆ: ಮರೀನ ಎಷ್ಟು ಎಳೇದರಲ್ಲಿ ತಂದರೆ ಅಷ್ಟು ನಿಯತ್ತು ಜಾಸ್ತಿ ಅಂತ. ಅದನ್ನೇ ನಂಬಿದ್ದೆ.

ಮರಿ ಮುದ್ದಾಗಿತ್ತು. ಹಾಲು ಹಾಕಿ ಸಾಕಿದೆವು. ಮಕ್ಕಳ ಕೈ ಬಾಯಿಗೆ ಹಾಕ್ಕೊಂಡು ಕಚ್ಚೋದು, ಸೀರೆ ಸೆರಗು ಎಳೆಯೋದು, ಪಂಚೆ ಹರಿಯೋದು. ಎಲ್ಲರಿಗೂ ನಗು. ಎರಡು ತಿಂಗಳಾದ ಮೇಲೆ ಚೆನ್ನಾಗಿ ಕಾಯಲಿ ಅಂತ ಹಗಲೆಲ್ಲಾ ಕಂಬಕ್ಕೆ ಕಟ್ಟಿದೆವು. ಯಾರೋ ಹೇಳಿದರು ಅಂತ ಮೆಣಸಿನಕಾಯಿ ಕಾರದ ಮುದ್ದೆ ಹಾಕಿದ್ದೂ ಉಂಟು. ಹಂಗೆ ಮಾಡಿದರೆ ನಾಯಿ ಬಿರುಸಾಗುತ್ತಂತೆ. ಬಿರುಸಾಯ್ತೋ ಇಲ್ಲವೋ, ಅದರ ಹೊಟ್ಟೆ ಅಂತೂ ಕೆಟ್ಟಿತು.

ಎಂಟು ತಿಂಗಳಾದಾಗ ನನ್ನ ಮಗಳ ಮಗ ಅದರ ಜೊತೆ ಆಡ್ತಿದ್ದ. ಹುಡುಗನಿಗೆ ನಾಲ್ಕು ವರ್ಷ. ನಾಯಿ ಸಿಟ್ಟಿನಿಂದ ಕಚ್ಚಲಿಲ್ಲ. ಬಾಲ ಅಲ್ಲಾಡಿಸ್ತಾನೇ ಇತ್ತು. ಮರಿಯಾಗಿದ್ದಾಗ ಹೆಂಗೆ ಕೈ ಹಿಡೀತಿತ್ತೋ ಹಂಗೇ ಹಿಡೀತು. ಆದರೆ ಈಗ ಇದ್ದದ್ದು ಹಾಲುಹಲ್ಲಲ್ಲ, ದೊಡ್ಡ ಹಲ್ಲು. ಹುಡುಗನ ಅಂಗೈ ಹರಿದು ರಕ್ತ ಬಂತು. ಗಾಯ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಓಡಿದೆವು. ಸೂಜಿ ಹಾಕಿದರು. ನಾಯಿ ಮೇಲೆ ಹತ್ತು ದಿನ ಕಣ್ಣಿಡಿ ಅಂದರು. ನಾಯಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅದನ್ನ ಬಿಚ್ಚೋದೇ ನಿಂತುಹೋಯ್ತು. ಕಟ್ಟಿದಷ್ಟೂ ಅದು ಹುಚ್ಚಾಯ್ತು. ಒಂದು ರಾತ್ರಿ ಹಗ್ಗ ಕಡಿದುಕೊಂಡು ಹೋಗಿ ಪಕ್ಕದ ಮನೆಯವರ ರೊಪ್ಪಕ್ಕೆ ಹಾರಿ ಎರಡು ಕುರಿಮರಿ ಎಳೆದು ಹಾಕಿತು. ತಿಂದಿರಲಿಲ್ಲ. ಆಡಿತ್ತು ಅಷ್ಟೆ. ಆಟಕ್ಕೆ ಎರಡು ಮರಿ ಸತ್ತವು. ಒಂಬತ್ತು ಸಾವಿರ ರೂಪಾಯಿ ಕೊಟ್ಟೆ. ದುಡ್ಡಿಗಿಂತ ಆ ಮನೆಯ ಹೆಣ್ಣುಮಗಳು ಅತ್ತದ್ದು ನನಗೆ ಮರೆಯೋಕಾಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನ ಇವತ್ತಿನವರೆಗೂ ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. ಇಲ್ಲಿ ಬರೀತೀನಿ. ಒಂದು ರಾತ್ರಿ ಅದನ್ನ ಲಗೇಜ್ ಆಟೋದಲ್ಲಿ ಹಾಕ್ಕೊಂಡು ಹೋಗಿ ಹೈವೇ ಪಕ್ಕ ಬಿಟ್ಟು ಬಂದೆ. ಅದು ಸ್ವಲ್ಪ ದೂರ ಆಟೋ ಹಿಂದೆ ಓಡಿಬಂತು. ಆಮೇಲೆ ಕಾಣಲಿಲ್ಲ. ಸಾಕಿದ ಪ್ರಾಣೀನ ಹಂಗೆ ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಪ್ರಕಾರ ಅಪರಾಧ ಅಂತ ನನಗೆ ಆಮೇಲೆ ಗೊತ್ತಾಯ್ತು. ಕಾಯಿದೆ ಗೊತ್ತಿಲ್ಲದಿದ್ದರೂ ತಪ್ಪು ಅನ್ನೋದು ಆವತ್ತೇ ಗೊತ್ತಿತ್ತು.

ನಾಯಿ ಕೆಟ್ಟದ್ದು ಅಂತ ಊರೆಲ್ಲಾ ಅಂದರು. ನಾನೂ ಅಂದೆ. ಕೆಟ್ಟದ್ದು ನಾಯಿಯಲ್ಲ, ಅದಕ್ಕೆ ಕಲಿಸೋರೇ ಇರಲಿಲ್ಲ ಅನ್ನೋದು ತಿಳಿದದ್ದು ಎರಡು ವರ್ಷದ ಮೇಲೆ.

ಕುರಿಮಂದೆಯಲ್ಲಿ ನೋಡಿದ್ದು

2021ರ ಜನವರಿಯಲ್ಲಿ ತೊಗರಿ ಕೊಯ್ದ ಮೇಲೆ ಹೊಲಕ್ಕೆ ಕುರಿಮಂದೆ ಹಾಕಿಸಿದೆ. ಗೊಬ್ಬರಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ ಅನ್ನೋದು ಓದುಗರಿಗೆ ಗೊತ್ತೇ ಇದೆ. ನನ್ನ ಹೊಲ, ಅಕ್ಕಪಕ್ಕದವರ ಹೊಲ ಸೇರಿ ಮಂದೆ ಹತ್ತಿರ ಹತ್ತಿರ ಒಂದು ತಿಂಗಳು ನಮ್ಮ ಕಡೆಯೇ ಇತ್ತು. ಮಂದೆಯ ಯಜಮಾನ ವಯಸ್ಸಾದ ಅಜ್ಜ. ಅವರ ಜೊತೆ ಮೂರು ನಾಯಿ. ಅದರಲ್ಲಿ ಒಂದು ಹೆಣ್ಣು ನಾಯಿಗೆ ನಾಲ್ಕು ಮರಿ, ಸುಮಾರು ಐದು ವಾರದ್ದು. ಸಂಜೆ ಬುತ್ತಿ, ಮಜ್ಜಿಗೆ ತಗೊಂಡು ಹೋದವನು ಅಲ್ಲೇ ಕೂತು ಆ ಮರಿಗಳ ಆಟ ನೋಡ್ತಿದ್ದೆ. ಮೊದಮೊದಲು ಹೊತ್ತು ಕಳೆಯೋಕೆ. ಆಮೇಲೆ ನೋಡೋಕೇ ಅಂತ ಹೋಗ್ತಿದ್ದೆ.

ನಾಯಿಮರಿ ಕಣ್ಣು ಬಿಡೋದು ಹುಟ್ಟಿದ ಹತ್ತರಿಂದ ಹದಿನಾಲ್ಕು ದಿನಕ್ಕೆ. ಮೂರನೇ ವಾರದಿಂದ ಹಾಲುಹಲ್ಲು ಬರೋಕೆ ಶುರು. ಆ ಹಲ್ಲು ಸೂಜಿ ಇದ್ದಂಗೆ. ದವಡೆಯಲ್ಲಿ ಬಲ ಇರೋದಿಲ್ಲ, ಆದರೆ ಹಲ್ಲು ಚುಚ್ಚುತ್ತೆ. ಯಾಕೆ ಹಂಗೆ ಚೂಪು ಅಂತ ನಾನು ಯೋಚಿಸಿರಲಿಲ್ಲ. ಅಲ್ಲಿ ಕೂತು ನೋಡಿದಾಗ ಅರ್ಥವಾಯ್ತು. ಒಂದು ಮರಿ ಇನ್ನೊಂದರ ಕಿವಿ ಜೋರಾಗಿ ಕಚ್ಚಿತು. ಕಚ್ಚಿಸಿಕೊಂಡದ್ದು ಕುಯ್ಯೋ ಅಂತ ಅರಚಿ ಆಟ ಬಿಟ್ಟು ದೂರ ಹೋಗಿ ಕೂತಿತು. ಕಚ್ಚಿದ್ದು ಪೆಚ್ಚಾಗಿ ನಿಂತಿತು. ಆಡೋಕೆ ಜೊತೆಯೇ ಇಲ್ಲ! ಸ್ವಲ್ಪ ಹೊತ್ತಿಗೆ ಮುಂಗಾಲು ಮಡಿಸಿ, ಎದೆ ನೆಲಕ್ಕೆ ತಾಗಿಸಿ, ಹಿಂದಿನ ಭಾಗ ಮೇಲೆತ್ತಿ 'ಬಾ ಆಡೋಣ' ಅಂತ ಕರೀತು. ಮತ್ತೆ ಆಟ ಶುರು. ಈ ಸಲ ಹಿಡಿತ ಮೆತ್ತಗೆ. ದಿನಕ್ಕೆ ಹತ್ತಾರು ಸಲ ಇದೇ ಪಾಠ. ಬಲ ಇಲ್ಲದ ವಯಸ್ಸಿನಲ್ಲಿ ಚೂಪು ಹಲ್ಲು ಕೊಟ್ಟಿರೋದು ಇದಕ್ಕೇ ಇರಬೇಕು. ದೊಡ್ಡ ಗಾಯ ಆಗೋದಿಲ್ಲ, ನೋವು ಮಾತ್ರ ತಿಳಿಯುತ್ತೆ. ದವಡೆಗೆ ಬಲ ಬರೋ ಹೊತ್ತಿಗೆ ಎಷ್ಟು ಕಚ್ಚಬೇಕು ಅನ್ನೋದು ಬಾಯಿಗೆ ಗೊತ್ತಾಗಿರುತ್ತೆ.

ತಾಯಿಯ ಪಾಠ ಇನ್ನೊಂದು ಥರ. ಐದನೇ ವಾರಕ್ಕೆ ಅದಕ್ಕೆ ಹಾಲು ಬಿಡಿಸೋ ಕೆಲಸ. ಮರಿಗಳು ಮೊಲೆಗೆ ನುಗ್ಗಿದರೆ ಎದ್ದು ನಡೆದುಬಿಡೋದು. ಬೆನ್ನು ಹತ್ತಿದರೆ ಗುರ್ ಅನ್ನೋದು. ಅದಕ್ಕೂ ಕೇಳದೆ ಬಂದ ಮರಿಯ ಮೂತೀನ ತನ್ನ ಬಾಯಿಂದ ಮೆಲ್ಲಗೆ ಒತ್ತಿ ಹಿಡಿದು ಬಿಟ್ಟುಬಿಡೋದು. ಮರಿ ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ ಮುಗೀತು. ಮರುಗಳಿಗೆಯೇ ಅದನ್ನ ನೆಕ್ಕೋದೂ ಉಂಟು.

ಮಂದೆಯ ಕುರಿಗಳೂ ಮೇಷ್ಟ್ರೇ. ಮರಿ ಹಾಕಿದ ಒಂದು ಕುರಿ ಹತ್ತಿರ ನಾಯಿಮರಿ ಬಾಲ ಅಲ್ಲಾಡಿಸ್ಕೊಂಡು ಹೋಯ್ತು. ಕುರಿ ಕಾಲು ಕುಟ್ಟಿ, ತಲೆ ತಗ್ಗಿಸಿ ಒಂದು ಗುದ್ದಿತು. ನಾಯಿಮರಿ ಎರಡು ಸುತ್ತು ಉರುಳಿತು. ಆಮೇಲೆ ಕುರಿ ಮುಂದೆ ಹೋಗುವಾಗ ಸುತ್ತುಹಾಕಿ ಹೋಗ್ತಿತ್ತು. ಇಂಥ ನಾಯಿ ದೊಡ್ಡದಾದ ಮೇಲೆ ಕುರಿಮರೀನ ಆಟದ ಸಾಮಾನು ಅಂದುಕೊಳ್ಳುತ್ತಾ? ನನ್ನ ನಾಯಿ ಮೊದಲ ಸಲ ಕುರಿಮರಿ ಹತ್ತಿರ ಹೋದದ್ದು ಒಂದು ವರ್ಷ ತುಂಬೋ ಹೊತ್ತಿಗೆ, ಅದೂ ರಾತ್ರಿ, ಹಗ್ಗ ಕಡಿದುಕೊಂಡು.

ಮಂದೆ ಹೊರಡೋ ಹೊತ್ತಿಗೆ ಮರಿಗಳಿಗೆ ಒಂಬತ್ತು ವಾರ. ಅಜ್ಜನಿಗೆ ಹಳೇ ಕತೆ ಎಲ್ಲಾ ಹೇಳಿ ಒಂದು ಮರಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮರಿ ಕೊಡ್ತೀನಿ ಕಣಪ್ಪ. ಆದ್ರೆ ಒಂಟಿ ಮರಿ ಕೊಡಾಕಿಲ್ಲ. ಈ ಮುದುಕಿ ಐತಲ್ಲ ಕೆಂಚಿ, ಇದಕ್ಕೆ ಕಾಲು ಹಿಡ್ಕಂಡೈತೆ, ಇನ್ನು ಮಂದೆ ಜೊತೆ ನಡೆಯಾಕಾಗಲ್ಲ. ಇದನ್ನೂ ಇಟ್ಕೊ. ಮರಿಗೆ ಬುದ್ಧಿ ಇದು ಹೇಳ್ತೈತೆ. ನೀನು ಮುದ್ದೆ ಹಾಕು, ಸುಮ್ಕಿರು."

ನನಗೆ ಆಗ ಅನ್ನಿಸಿದ್ದು ಬೇರೆ. ಮುದಿ ನಾಯೀನ ನನ್ನ ತಲೆಗೆ ಕಟ್ಟಿದರಲ್ಲ ಅಂತ. ಮನೇಲಿ ಹೆಂಡತಿಯೂ ಅದೇ ಅಂದಳು. "ಒಂದಕ್ಕೆ ಹಾಕೋ ಕೂಳೇ ದಂಡ, ಈಗ ಎರಡು ತಂದ್ರಾ?"

ಕೆಂಚಿಯ ಶಾಲೆ

ಮರಿಗೆ ಮಾರ ಅಂತ ಹೆಸರಿಟ್ಟೆವು. ಬಂದ ಎರಡನೇ ದಿನವೇ ಗಲಾಟೆ. ಕೆಂಚಿ ಮುದ್ದೆ ತಿನ್ನುವಾಗ ಮಾರ ಮೂತಿ ತೂರಿಸೋಕೆ ಹೋಯ್ತು. ಕೆಂಚಿ ತಿನ್ನೋದು ನಿಲ್ಲಿಸಿ ಮೈ ಬಿಗಿ ಮಾಡಿತು. ಮರಿಗೆ ತಿಳೀಲಿಲ್ಲ. ಓರೆಗಣ್ಣಲ್ಲಿ ನೋಡಿತು. ತಿಳೀಲಿಲ್ಲ. ತುಟಿ ಎತ್ತಿ ಹಲ್ಲು ತೋರಿಸಿತು, ಗುರ್ ಅಂತು. ಆಗಲೂ ತಿಳೀಲಿಲ್ಲ. ಆಮೇಲೆ ಒಂದೇ ಸಲಕ್ಕೆ ಮೂತಿ ಹಿಡಿದು ನೆಲಕ್ಕೊತ್ತಿತು. ಮರಿ ಪ್ರಾಣ ಹೋದಂಗೆ ಅರಚಿತು. ನಾನು ಓಡಿಹೋಗಿ ಕೆಂಚಿಗೆ ಕೋಲಿಂದ ಎರಡು ಬಿಟ್ಟೆ. ಮರೀನ ಎತ್ತಿಕೊಂಡು ನೋಡಿದರೆ ಮೈಮೇಲೆ ಒಂದು ಗೀರೂ ಇಲ್ಲ.

ಅದು ನನ್ನ ಎರಡನೇ ತಪ್ಪು. ಹಂಗೇ ಮೂರ್ನಾಲ್ಕು ಸಲ ಕೆಂಚಿ ಗುರ್ ಅಂದಾಗಲೆಲ್ಲಾ ಗದರಿಸಿದೆ, ಹೊಡೆದೆ. ಕೆಂಚಿ ಗುರ್ ಅನ್ನೋದು ಬಿಟ್ಟಿತು. ನಾನು ಗೆದ್ದೆ ಅಂದುಕೊಂಡೆ. ವಾರ ಕಳೆಯೋದರಲ್ಲಿ ಒಂದು ದಿನ ಕೆಂಚಿ ಯಾವ ಸದ್ದೂ ಮಾಡದೆ ಸೀದಾ ಮರಿಯ ಕಿವಿಗೆ ಬಾಯಿ ಹಾಕಿತು. ಈ ಸಲ ರಕ್ತ ಬಂತು.

ಆ ಸಂಜೆ ಯೋಚನೆ ಮಾಡ್ತಾ ಕೂತೆ. ಗುರ್ ಅನ್ನೋದು ಜಗಳ ಅಲ್ಲ, ಜಗಳ ಬೇಡ ಅಂತ ಹೇಳೋ ಮಾತು. ಆ ಮಾತನ್ನ ನಾನು ಕೋಲಿಂದ ಬಾಯಿ ಮುಚ್ಚಿಸಿದೆ. ಮಾತು ಹೋದರೆ ಉಳಿಯೋದು ಹಲ್ಲು ತಾನೇ? ಲೈನ್ ಮನ್ನು ಕರೆಂಟು ಬರುತ್ತೆ ಅಂತ ಕೂಗಿದರೆ ಅವನ ಬಾಯಿ ಮುಚ್ಚಿಸಿ ತಂತಿ ಮುಟ್ಟಿದಂಗಾಯ್ತು ನನ್ನ ಕೆಲಸ.

ಅಂದಿನಿಂದ ನಾನು ಸುಮ್ಮನಾದೆ. ಅಜ್ಜ ಹೇಳಿದ್ದೂ ಅದನ್ನೇ ಅಲ್ಲವೇ, ಮುದ್ದೆ ಹಾಕು, ಸುಮ್ಕಿರು ಅಂತ. ಹತ್ತು ದಿನಕ್ಕೆ ಕೆಂಚಿಗೆ ಧೈರ್ಯ ಬಂದು ಮತ್ತೆ ಗುರ್ ಅನ್ನೋಕೆ ಶುರುಮಾಡಿತು. ಆಮೇಲಿನ ನಾಲ್ಕೈದು ತಿಂಗಳು ನಾನು ಕಂಡದ್ದು ಇಷ್ಟು:

ಊಟದ ಹೊತ್ತಿಗೆ ಮಾರ ಒಂದು ಮಾರು ದೂರ ಕೂರೋದು ಕಲೀತು. ಕೆಂಚಿ ತಿಂದು ಎದ್ದು ಹೋದ ಮೇಲೆ ಬಂದು ತಟ್ಟೆ ನೆಕ್ಕೋದು. ಮೊದಮೊದಲು ಬಾಯಿ ಹಾಕಿ ಒತ್ತಬೇಕಿತ್ತು. ಆಮೇಲೆ ಗುರ್ ಅಂದರೆ ಸಾಕಾಯ್ತು. ಕೊನೆಗೆ ಬರೀ ಮುಖ ತಿರುಗಿಸಿ ನೋಡಿದರೆ ಸಾಕು. ಪಾಠ ಬಲಿತಂತೆ ಶಿಕ್ಷೆ ಸಣ್ಣದಾಗ್ತಾ ಬಂತು. ನಮ್ಮಲ್ಲಿ ಉಲ್ಟಾ. ದಿನ ಕಳೆದಂತೆ ನಮ್ಮ ಕೋಲು ದಪ್ಪ ಆಗ್ತಾ ಹೋಗುತ್ತೆ.

ಕೆಂಚಿ ಶಿಕ್ಷೆ ಮಾಡ್ತಿದ್ದದ್ದು ತಪ್ಪು ನಡೆದ ಗಳಿಗೆಯಲ್ಲೇ. ಎರಡು ಮೂರು ಎಣಿಸೋದರಲ್ಲಿ ಮುಗೀತಿತ್ತು. ಮುಗಿದ ಮೇಲೆ ಸಿಟ್ಟು ಇಟ್ಟುಕೊಳ್ತಿರಲಿಲ್ಲ. ರಾತ್ರಿ ಅದೇ ಮರಿ ಅದರ ಹೊಟ್ಟೆಗೆ ಒರಗಿ ಮಲಗ್ತಿತ್ತು. ನಾವು ಬೆಳಿಗ್ಗೆ ಹರಿದ ಚಪ್ಪಲಿಗೆ ಮಧ್ಯಾಹ್ನ ಹೊಲದಿಂದ ಬಂದು ಹೊಡೀತೀವಿ. ನಾಯಿಗೆ ಯಾಕೆ ಏಟು ಬಿತ್ತು ಅಂತ ಹೆಂಗೆ ತಿಳೀಬೇಕು? ಯಜಮಾನ ಹೊಲದಿಂದ ಬಂದರೆ ಹೊಡೀತಾನೆ ಅಂತ ಅಷ್ಟೇ ಅದು ಕಲಿಯೋದು.

ಆಟದಲ್ಲಿ ಮಾರ ಜೋರಾಗಿ ಕಚ್ಚಿದರೆ ಕೆಂಚಿ ಎದ್ದು ಬಣವೆ ಹಿಂದೆ ಹೋಗಿ ಮಲಗಿಬಿಡ್ತಿತ್ತು. ಅದೇ ಶಿಕ್ಷೆ. ಮೆತ್ತಗೆ ಆಡಿದರೆ ಕಾಲು ನೋವಿದ್ದರೂ ಮಲಗಿಕೊಂಡೇ ಆಡಿಸ್ತಿತ್ತು. ಮರಿಗೆ ಸಮ ಆಗಲಿ ಅಂತ ದೊಡ್ಡದು ತಾನಾಗಿ ಕೆಳಗೆ ಬೀಳೋದನ್ನ ನೋಡಿ ನನಗೆ ಆಶ್ಚರ್ಯವಾಯ್ತು.

ವಯಸ್ಸು ನೋಡಿ ವಿನಾಯಿತಿ ಕೊಡ್ತಿತ್ತು. ಮರಿಗೆ ನಾಲ್ಕೈದು ತಿಂಗಳಾಗೋವರೆಗೆ ಮೇಲೆ ಹತ್ತಿದರೂ ಬಾಲ ಎಳೆದರೂ ಬಹಳಷ್ಟು ಸಹಿಸಿತು. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರೋ ಹೊತ್ತಿಗೆ ಮಾತ್ರ ಬಿಗಿಯಾಯ್ತು. ಆ ವಯಸ್ಸಿಗೆ ಮಾರ ಪಾಠ ಬಹುಪಾಲು ಕಲಿತಾಗಿತ್ತು.

ಕಲಿತದ್ದಕ್ಕೆ ಸಾಕ್ಷಿ ನನ್ನ ಮನೆಯಲ್ಲೇ ಸಿಕ್ಕಿತು. ಅದೇ ಮೊಮ್ಮಗ ರಜೆಗೆ ಬಂದಿದ್ದ. ಮೊದಲು ನಾಯಿ ಕಂಡರೆ ನಡುಗ್ತಿದ್ದವನು ನಾಲ್ಕು ದಿನಕ್ಕೆ ಮಾರನ ಜೊತೆ ಆಡೋಕೆ ಹೋದ. ನನ್ನ ಜೀವ ಬಾಯಿಗೆ ಬಂತು. ಮಾರ ಅವನ ಕೈ ಬಾಯಲ್ಲಿ ಹಿಡೀತು. ನಾನು ಓಡೋದರೊಳಗೆ ಹುಡುಗ 'ಅಯ್' ಅಂದ. ಮಾರ ತಟ್ಟನೆ ಬಿಟ್ಟು ಹಿಂದೆ ಸರಿದು ಕೂತಿತು. ಕೈ ನೋಡಿದರೆ ಬರೀ ಜೊಲ್ಲು.

ಓದಿದವರು ಏನಂತಾರೆ

ನಾನು ಏಳನೇ ಕ್ಲಾಸಿನವನು. ನಾನು ಕಂಡದ್ದು ನಮ್ಮ ಹಟ್ಟಿಯ ಎರಡು ನಾಯಿ ಮಾತ್ರ. ಹಂಗಾಗಿ ದನಕ್ಕೆ ಸೂಜಿ ಹಾಕೋಕೆ ಬಂದ ಪಶುವೈದ್ಯರ ಹತ್ತಿರ ಕೇಳಿದೆ. ಅವರು ಹೇಳಿದರು, ಅಮೆರಿಕದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನ್ನೋ ಇಬ್ಬರು ವಿಜ್ಞಾನಿಗಳು ಬಹಳ ವರ್ಷ ನಾಯಿಮರಿಗಳನ್ನ ಸಾಕಿ, ಗಮನಿಸಿ 1965ರಲ್ಲಿ ದೊಡ್ಡ ಪುಸ್ತಕ ಬರೆದರಂತೆ. ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಕಾಲ ನಾಯಿಯ ಇಡೀ ಬಾಳಿಗೆ ಬುನಾದಿ. ಯಾರು ನಮ್ಮವರು, ಯಾವುದಕ್ಕೆ ಹೆದರಬೇಕಿಲ್ಲ, ಬೇರೆ ನಾಯಿ ಜೊತೆ ಹೇಗಿರಬೇಕು ಅನ್ನೋದೆಲ್ಲಾ ಆಗಲೇ ಕೂರೋದು. ನಾನು ನಾಲ್ಕನೇ ವಾರಕ್ಕೇ ಮರೀನ ಚೀಲಕ್ಕೆ ಹಾಕಿದ್ದೆ. ಬಿತ್ತನೆ ಹದ ತಪ್ಪಿಸಿ ಆಮೇಲೆ ಗೊಬ್ಬರ ಸುರಿದಂಗೆ.

ನಮ್ಮ ದೇಶದಲ್ಲೂ 2017ರಲ್ಲಿ ನಾಯಿ ಸಾಕಿ ಮಾರೋರಿಗೆ ಕೇಂದ್ರ ಸರಕಾರ ಮಾಡಿದ ನಿಯಮದಲ್ಲಿ ಎಂಟು ವಾರದೊಳಗಿನ ಮರಿ ಮಾರಬಾರದು ಅಂತ ಇದೆಯಂತೆ. ನಿಯಮ ವ್ಯಾಪಾರಿಗಳಿಗೆ ಇರಬಹುದು. ಆದರೆ ಮರಿಯ ಬುದ್ಧಿ ಮಾರಿದ್ದಕ್ಕೂ ಪುಕ್ಕಟೆ ಕೊಟ್ಟದ್ದಕ್ಕೂ ಒಂದೇ.

ನನ್ನ ಅಭಿಪ್ರಾಯ

ಈಗ ನೇರ ವಿಷಯಕ್ಕೆ ಬರ್ತೀನಿ. ನಾವು ರೈತರು ಮೂರು ತಪ್ಪು ನಂಬಿಕೆ ಬಿಡಬೇಕು.

ಒಂದು, ಎಳೇ ಮರಿ ತಂದರೆ ನಿಯತ್ತು ಹೆಚ್ಚು ಅನ್ನೋದು. ಎಂಟು ವಾರ ತುಂಬೋವರೆಗೆ ಮರಿ ತಾಯಿ ಹತ್ತಿರ, ಒಡಹುಟ್ಟಿದವರ ಜೊತೆ ಇರಲಿ. ನಿಯತ್ತು ಮುದ್ದೆ ಹಾಕೋ ಕೈಗೆ, ಪ್ರೀತಿಗೆ ತಾನಾಗಿ ಬರುತ್ತೆ. ಬಾಯಿಯ ಹಿಡಿತ ಮಾತ್ರ ಆಮೇಲೆ ಬರೋದು ಕಷ್ಟ.

ಎರಡು, ಹೊಡೆದು ಕಟ್ಟಿಹಾಕಿದರೆ ಒಳ್ಳೇ ಕಾವಲು ನಾಯಿ ಆಗುತ್ತೆ ಅನ್ನೋದು. ಆಗೋದು ಹೆದರಿದ ನಾಯಿ. ಹೆದರಿದ ನಾಯಿ ಕಳ್ಳನನ್ನೂ ಕಚ್ಚುತ್ತೆ, ಮನೆಯ ಮಗೂನೂ ಕಚ್ಚುತ್ತೆ. ಮಾರ ರಾತ್ರಿ ಹೊಲದಲ್ಲಿ ಹಂದಿ ಹಿಂಡಿಗೆ ಬೊಗಳಿ ಓಡಿಸೋದನ್ನ ನಮ್ಮ ಊರವರು ನೋಡಿದ್ದಾರೆ. ಅದನ್ನ ಬಿರುಸು ಮಾಡೋಕೆ ಯಾರೂ ಕಾರ ತಿನ್ನಿಸಿಲ್ಲ. ಕೆಲವರು ಮರಿಯ ಕಿವಿ, ಬಾಲ ಕತ್ತರಿಸ್ತಾರೆ. ನಾಯಿ ಮಾತಾಡೋದೇ ಕಿವಿ, ಬಾಲದಿಂದ. ಅದನ್ನೇ ಕತ್ತರಿಸಿದರೆ ಇನ್ನೊಂದು ನಾಯಿಗೆ ಅದರ ಮನಸ್ಸು ಹೆಂಗೆ ತಿಳೀಬೇಕು?

ಮೂರು, ಮುದಿ ನಾಯಿ ದಂಡದ ಕೂಳು ಅನ್ನೋದು. ಓಡೋಕಾಗದ ನಾಯೀನ ಊರಾಚೆ ಬಿಟ್ಟು ಬರೋರು ಎಲ್ಲಾ ಊರಲ್ಲೂ ಇದ್ದಾರೆ. ಅದು ಕಾಯೋ ಕೆಲಸಕ್ಕೆ ಆಗದಿರಬಹುದು. ಕಲಿಸೋ ಕೆಲಸಕ್ಕೆ ಅದರಷ್ಟು ಯೋಗ್ಯ ಇನ್ನೊಂದಿಲ್ಲ. ಮನೆಯ ನಾಯಿಗೆ ವಯಸ್ಸಾಗ್ತಿದೆ ಅನ್ನುವಾಗಲೇ ಮರಿ ತನ್ನಿ, ಸತ್ತ ಮೇಲಲ್ಲ. ನಾನು ಸತ್ತ ಮೇಲೆ ತಂದೆ. ಶಾಲೆ ಮುಚ್ಚಿದ ಮೇಲೆ ಹುಡುಗನ್ನ ಸೇರಿಸೋಕೆ ಹೋದಂಗಾಯ್ತು.

ಎಲ್ಲಾ ಹಳೇ ನಾಯಿಯೂ ಒಳ್ಳೇ ಮೇಷ್ಟ್ರಾ?

ಅಲ್ಲ. ಇದನ್ನೂ ಹೇಳಲೇಬೇಕು. ಒಂಟಿಯಾಗಿ ಕಟ್ಟಿ ಬೆಳೆಸಿದ ನಾಯಿಗೆ ಮರಿ ಜೊತೆ ಹೇಗಿರಬೇಕು ಅಂತಲೇ ಗೊತ್ತಿರೋದಿಲ್ಲ. ಸದ್ದಿಗೆ ಹೆದರಬೇಡಿ. ಮರಿ ಅರಚೋದು ನೋವಿಗಿಂತ ಗಾಬರಿಗೆ. ಮೈ ನೋಡಿ. ಗಾಯ ಇಲ್ಲ, ಮರಿ ಸ್ವಲ್ಪ ಹೊತ್ತಿಗೆ ಮತ್ತೆ ಅದರ ಹತ್ತಿರವೇ ಹೋಗುತ್ತೆ ಅಂದರೆ ಪಾಠ ಸರಿಯಾಗಿದೆ. ಅದೇ ದೊಡ್ಡ ನಾಯಿ ಕಚ್ಚಿ ಹಿಡಿದು ಒದರಿದರೆ, ಓಡಿಹೋಗೋ ಮರೀನ ಬೆನ್ನಟ್ಟಿ ಹೊಡೆದರೆ, ಅಂಗಾತ ಬಿದ್ದ ಮರಿಯನ್ನೂ ಬಿಡದಿದ್ದರೆ, ಮರಿ ಮೂಲೆ ಬಿಟ್ಟು ಈಚೆ ಬರದಂಗಾದರೆ ಕೂಡಲೇ ಬೇರೆ ಮಾಡಿ. ಅದು ಮೇಷ್ಟ್ರಲ್ಲ, ಪುಂಡ.

ಮುದಿ ನಾಯಿಗೂ ಬಿಡುವು ಬೇಕು. ಹಗಲೆಲ್ಲಾ ಮರಿ ಕಾಟ ತಡೆಯೋಕೆ ಅದೇನು ದೇವರಲ್ಲ. ಮರಿ ಹತ್ತಲಾಗದ ಒಂದು ಕಟ್ಟೆಯೋ ಜಗಲಿಯೋ ಅದಕ್ಕಿರಲಿ. ಊಟ ಬೇರೆ ಬೇರೆ ತಟ್ಟೆಗೆ, ಸ್ವಲ್ಪ ದೂರದಲ್ಲಿ ಹಾಕಿ. ಹಳೇದಕ್ಕೆ ಮೊದಲು ಹಾಕಿ.

ಇನ್ನೊಂದು ಮಾತು. ಹಳೇ ನಾಯಿ ಒಳ್ಳೇದನ್ನ ಕಲಿಸಿದಂಗೆ ಕೆಟ್ಟದ್ದನ್ನೂ ಕಲಿಸುತ್ತೆ. ಬೈಕಿನ ಹಿಂದೆ ಓಡೋ ನಾಯಿ ಜೊತೆ ಬೆಳೆದ ಮರಿಯೂ ಓಡುತ್ತೆ. ಮೊಟ್ಟೆ ಕದಿಯೋದೂ ಹಂಗೇ. ಮತ್ತೆ ಮನುಷ್ಯರ ಪಾಠ ನಾಯಿ ಕಲಿಸೋಕಾಗಲ್ಲ. ಮರಿಗೆ ಮಕ್ಕಳು, ಮುದುಕರು, ಟ್ರ್ಯಾಕ್ಟರು, ಕರು, ಕೋಳಿ ಎಲ್ಲಾ ಎಳೇದರಲ್ಲೇ ಹೆದರಿಕೆ ಇಲ್ಲದೆ ಪರಿಚಯ ಮಾಡಿಸೋದು ನಮ್ಮ ಕೆಲಸ. ಮರಿ ನಿಮ್ಮ ಕೈ ಜೋರಾಗಿ ಕಚ್ಚಿದರೆ ಹೊಡೀಬೇಡಿ, ನಗಲೂಬೇಡಿ. ಕೈ ಸಡಿಲ ಬಿಟ್ಟು, ಎದ್ದು ಆಚೆ ಹೋಗಿ. ಕೆಂಚಿ ಮಾಡಿದ್ದೂ ಅದನ್ನೇ. ಮಕ್ಕಳಿಗೂ ಪಾಠ ಬೇಕು: ನಾಯಿ ತಿನ್ನುವಾಗ, ಮಲಗಿದಾಗ, ಮರಿಗೆ ಹಾಲು ಕೊಡುವಾಗ ಮುಟ್ಟಬಾರದು. ಗುರ್ ಅಂದರೆ ಹಿಂದೆ ಸರೀಬೇಕು.

ಲಸಿಕೆ ಮರೀಬೇಡಿ. ಬುದ್ಧಿವಂತ ನಾಯಿಗೂ ರೇಬಿಸ್ ಬರುತ್ತೆ. ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷಾವರ್ಷ. ಯಾವ ನಾಯಿ ಕಚ್ಚಿದರೂ ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಮೆತ್ತಬೇಡಿ. ಆ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯೋದಿಲ್ಲ ಅಂತಲೇ ತಿಳೀರಿ. ಮರಿ ಬೇಡ ಅನ್ನೋರು ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಿ. ಮರಿ ಹುಟ್ಟಿದ ಮೇಲೆ ಚೀಲಕ್ಕೆ ಹಾಕಿ ಸಂತೆಯಲ್ಲಿ ಬಿಡೋದಕ್ಕಿಂತ ಅದು ಸಾವಿರ ಪಾಲು ಮೇಲು.

ಕೊನೆಯ ಮಾತು

ಕೆಂಚಿ 2023ರ ಮಳೆಗಾಲದಲ್ಲಿ ಸತ್ತಿತು. ಬೇಲಿ ಮೂಲೆಯ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಎರಡು ತಂದ್ರಾ ಅಂತ ಬೈದಿದ್ದ ನನ್ನ ಹೆಂಡತಿಯೇ ಆವತ್ತು ಒಲೆ ಹಚ್ಚಲಿಲ್ಲ.

ಹೋದ ತಿಂಗಳು ಪಕ್ಕದ ಮನೆಯವರು ಒಂದು ಮರಿ ತಂದರು. ಎರಡು ಕುರಿಮರಿ ಕಳೆದುಕೊಂಡ ಮನೆಯವರೇ ಅವರು. ಎರಡೂವರೆ ತಿಂಗಳ ಮರಿ. ಅದು ನಮ್ಮ ಹಟ್ಟಿಗೆ ನುಗ್ಗಿ ಸೀದಾ ಮಾರನ ತಟ್ಟೆಗೆ ಬಾಯಿ ಹಾಕೋಕೆ ಬಂತು. ನಾನು ಜಗಲಿ ಮೇಲೆ ಕೂತಿದ್ದೆ. ಕೈಗೆ ಕೋಲು ತಗೊಳ್ಳಲಿಲ್ಲ. ಮಾರ ತಿನ್ನೋದು ನಿಲ್ಲಿಸಿತು. ಮೈ ಬಿಗಿ ಮಾಡಿತು. ಓರೆಗಣ್ಣಲ್ಲಿ ನೋಡಿತು. ತುಟಿ ಎತ್ತಿ ಸಣ್ಣಗೆ ಗುರ್ ಅಂತು. ಮರಿ ಕೇಳಲಿಲ್ಲ. ಮೂತಿ ಹಿಡಿದು ಒಂದು ಗಳಿಗೆ ನೆಲಕ್ಕೊತ್ತಿ ಬಿಟ್ಟಿತು. ಮರಿ ಊರು ಕೇಳೋ ಹಂಗೆ ಅರಚಿತು. ಪಕ್ಕದ ಮನೆ ಹೆಣ್ಣುಮಗಳು ಗಾಬರಿಯಿಂದ ಓಡಿಬಂದಳು.

"ಏನೂ ಆಗಿಲ್ಲ ಕಣಮ್ಮ, ಮೈ ನೋಡು" ಅಂದೆ. ಅವಳು ಮರೀನ ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಕೆಳಗೆ ಬಿಟ್ಟರೆ ಮರಿ ಮತ್ತೆ ಮಾರನ ಹತ್ತಿರವೇ ಹೋಗಿ ಒಂದು ಮಾರು ದೂರದಲ್ಲಿ ಕೂತಿತು.

ನನ್ನ ಅನುಭವ ಇಷ್ಟು. ನಿಮ್ಮ ಕಡೆ ಹಳೇ ನಾಯಿ ಮರಿಗೆ ಹೇಗೆ ಕಲಿಸುತ್ತೆ, ಕುರಿ ಕಾಯೋರು ಮರಿ ಹೇಗೆ ಬೆಳೆಸ್ತಾರೆ ಅನ್ನೋದನ್ನ ನೋಡಿದವರು ಬರೆಯಿರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೂ ಬರೆಯಿರಿ, ತಿದ್ದಿಕೊಳ್ತೀನಿ.